ಕೂದಲ ಟೆಸ್ಟ್‌ನಲ್ಲಿ ಗಾಂಜಾ: ಸೇದದೇ ಇರೋರೂ ಸಿಕ್ಕಿಹಾಕ್ಕೋತಾರಾ?

ಪ್ರಶ್ನೆ: ಮಗನಿಗೆ ಫಾರಿನ್ ಕಂಪ್ನಿಲಿ ಕೆಲಸ ಸಿಕ್ಕಿದೆ, ಜಾಯಿನ್ ಆಗೋ ಮುಂಚೆ ಕೂದಲು ಟೆಸ್ಟ್ ಮಾಡಿಸ್ಬೇಕಂತೆ. ಅವನು ಸೇದಲ್ಲ, ಆದ್ರೆ ಬೆಂಗಳೂರಲ್ಲಿ ಪಿಜಿ ರೂಮ್‌ಮೇಟ್ ದಿನಾ ಗಾಂಜಾ ಹೊಡೀತಾನೆ. ಆ ಹೊಗೆಗೇ ಪಾಸಿಟಿವ್ ಬಂದ್ಬಿಡುತ್ತಾ?
– ಓದುಗರು, ಹಾಸನ

ಉತ್ತರ: ಲ್ಯಾಬ್‌ನೋರು ಏನು ಹುಡುಕ್ತಾರೆ ಅನ್ನೋದ್ರ ಮೇಲೆ ಹೋಗುತ್ತೆ. ನೆತ್ತಿಯ ಹಿಂಭಾಗದಿಂದ ಪೆನ್ಸಿಲ್ ದಪ್ಪದ ಒಂದು ಎಳೆಗಟ್ಟು ಬುಡಕ್ಕೇ ಕತ್ತರಿಸಿ, ಬುಡ ಯಾವ ಕಡೆ ಅಂತ ಗುರುತು ಹಾಕಿ ಫಾಯಿಲ್‌ನಲ್ಲಿ ಸುತ್ತಿ ಕಳಿಸ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ, ಹಾಗಾಗಿ ಬುಡದ 3 ಸೆಂ.ಮೀ. ಅಂದ್ರೆ ಹೆಚ್ಚುಕಮ್ಮಿ ಮೂರು ತಿಂಗಳ ಲೆಕ್ಕ.

ತೊಂದ್ರೆ ಇರೋದು ಇಲ್ಲಿ. ಗಾಂಜಾದಲ್ಲಿ ನಶೆ ಏರಿಸೋ ಟಿಎಚ್‌ಸಿ ಅನ್ನೋ ರಾಸಾಯನಿಕ ಹೊಗೇಲೂ ಇರುತ್ತೆ, ಸೇದೋನ ಕೈಲೂ ಇರುತ್ತೆ, ಅದು ಪಕ್ಕದಲ್ಲಿರೋನ ಕೂದಲಿಗೂ ಮೆತ್ಕೊಳ್ಳುತ್ತೆ, ಲ್ಯಾಬ್‌ನಲ್ಲಿ ತೊಳೆದ್ರೂ ಪೂರ್ತಿ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಸರಿಯಾದ ಲ್ಯಾಬ್‌ಗಳು ದೇಹದೊಳಗೆ ಟಿಎಚ್‌ಸಿ ಕರಗಿದ್ಮೇಲೆ ಹುಟ್ಟೋ ಕಾರ್ಬಾಕ್ಸಿ-ಟಿಎಚ್‌ಸಿ ಹುಡುಕ್ತವೆ, ಒಂದು ಮಿಲಿಗ್ರಾಂ ಕೂದಲಲ್ಲಿ 0.2 ಪಿಕೋಗ್ರಾಂ ಅನ್ನೋದು ಸಾಮಾನ್ಯ ಮಿತಿ, ಪಿಕೋಗ್ರಾಂ ಅಂದ್ರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಇಷ್ಟು ಸಣ್ಣದನ್ನ ಹಿಡಿಯೋ ಮಷೀನು ಎಲ್ಲಾ ಲ್ಯಾಬ್‌ನಲ್ಲೂ ಇರಲ್ಲ. ಇನ್ನೊಂದು, ಜರ್ಮನಿಯ ಫ್ರೈಬುರ್ಗ್ ವಿಜ್ಞಾನಿಗಳು 2015ರಲ್ಲಿ ತೋರಿಸಿದ ಹಾಗೆ ಈ ಕಾರ್ಬಾಕ್ಸಿ ಕೂಡ ಸೇದೋರ ಬೆವರು, ಚರ್ಮದ ಜಿಡ್ಡಿನ ಮೂಲಕ ಸೇದದೇ ಇರೋರ ಕೂದಲಿಗೆ ದಾಟಬಹುದು. ಒಂದೇ ದಿಂಬು, ಒಂದೇ ಟವೆಲ್ ಬಳಸೋ ಪಿಜಿ ಹುಡುಗರು ಇದನ್ನ ಗಮನದಲ್ಲಿಡ್ಬೇಕು.

2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸಲ್ಲಿ ಸಿಸಿಬಿ ಪೊಲೀಸ್ರು ಕೂದಲ ಸ್ಯಾಂಪಲ್ ಹೈದರಾಬಾದ್‌ಗೆ ಕಳಿಸಿದ್ದು, ರಿಪೋರ್ಟ್ 2021ರ ಆಗಸ್ಟ್‌ನಲ್ಲಿ ಬಂದಿದ್ದು ನೆನಪಿರ್ಬೇಕು, ಆವಾಗಿಂದ ನಮ್ಮ ಜನ ಕೂದಲ ರಿಪೋರ್ಟ್ ಅಂದ್ರೆ ಕೊನೇ ಮಾತು ಅಂತ ನಂಬಿಬಿಟ್ಟಿದ್ದಾರೆ. ಬರೀ ಆ ಒಂದು ಹಾಳೆ ನೋಡಿ ಹುಡುಗನ ಕೆಲಸ ಕಿತ್ಕೊಳ್ಳೋದು ಅನ್ಯಾಯ ಅಂತಲೇ ನಾನು ಹೇಳ್ತೀನಿ.

ಮಗ ಮೊದ್ಲು ರೂಮ್ ಬದಲಾಯಿಸ್ಲಿ, ಆದ್ರೆ ಈಗಾಗ್ಲೇ ಬೆಳೆದಿರೋ ಕೂದಲಿಗೆ ಅಂಟಿರೋದು ಅಷ್ಟಕ್ಕೇ ಹೋಗಲ್ಲ, ಅದಕ್ಕೆ ಸ್ಯಾಂಪಲ್ ಕೊಡೋ ದಿನವೇ ರೂಮ್‌ಮೇಟ್ ವಿಷಯ ಫಾರ್ಮ್‌ನಲ್ಲಿ ಬರೆದುಕೊಡ್ಲಿ. ಪಾಸಿಟಿವ್ ಬಂದ್ರೆ ಕಾರ್ಬಾಕ್ಸಿ ನೋಡಿದ್ರಾ, ಎಷ್ಟು ಬಂತು ಅಂತ ಬರವಣಿಗೆಯಲ್ಲಿ ಕೇಳ್ಲಿ, ಉಳಿದ ಸ್ಯಾಂಪಲ್ಲನ್ನ ಬೇರೆ ಲ್ಯಾಬ್‌ಗೆ ಕಳಿಸಿ ಅಂತಲೂ ಹೇಳ್ಲಿ.