ಹಳೇ ಗಾಡಿ, ಜೋಡಿ ಕಾರ್ಬೊರೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ರಾಜದೂತ್ 350 ಮೂವತ್ತು-ನಲವತ್ತರ ಸ್ಪೀಡಿನ್ಯಾಗ ಜಗ್ಗಿ ಜಗ್ಗಿ ಓಡತೈತಿ. ಜೋರ್ ಬಿಟ್ರ ಏನೂ ತೊಂದ್ರಿ ಇಲ್ಲ. ಎಡಗಡಿ ಪ್ಲಗ್ ಕರ್ರಗ, ಬಲಗಡಿದು ಬೆಳ್ಳಗ. ಏರ್ ಸ್ಕ್ರೂ ತಿರುವಿ ತಿರುವಿ ಸಾಕಾತು. ಜೆಟ್ ಬದಲಿ ಮಾಡಬೇಕೇನ್ರಿ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಮುಟ್ಟಬೇಡಿ. ಎರಡು ಕಾರ್ಬೊರೇಟರಿನ ಸ್ಲೈಡ್‌ಗಳು (ಎಕ್ಸಿಲೇಟರ್ ತಿರುವಿದಾಗ ಮೇಲೆದ್ದು ಗಾಳಿಗೆ ದಾರಿ ಬಿಡುವ ತುಂಡುಗಳು) ಒಟ್ಟಿಗೆ ಏಳುತ್ತಿಲ್ಲ, ರೋಗ ಅಲ್ಲಿದೆ. ಒಂದು ಸ್ಲೈಡ್ 2 ಮಿ.ಮೀ. ಎದ್ದಾಗ ಇನ್ನೊಂದು 2.5 ಮಿ.ಮೀ. ಎದ್ದಿದ್ದರೆ ಒಂದು ಸಿಲಿಂಡರಿಗೆ ಕಾಲು ಭಾಗದಷ್ಟು ಗಾಳಿ ಹೆಚ್ಚು ಹೋಗುತ್ತದೆ. ಅದೇ ಅರ್ಧ ಮಿ.ಮೀ. ಫರಕು 20 ಮಿ.ಮೀ. ಎತ್ತರದಲ್ಲಿ ಲೆಕ್ಕಕ್ಕೇ ಇಲ್ಲ. ಜೋರಾಗಿ ಬಿಟ್ಟಾಗ ಗಾಡಿ ಬರೋಬ್ಬರಿ ಓಡುವುದು ಇದಕ್ಕೇ.

ಕಾರ್ಬೊರೇಟರ್ ಬಿಚ್ಚುವ ಮೊದಲು ಎರಡು ಸಂಗತಿ ನೋಡಿ. ಈ ಗಾಡಿಗೆ ಎರಡು ಜೊತೆ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್) ಇವೆ. ಎರಡರ ಗ್ಯಾಪೂ 0.3ರಿಂದ 0.4 ಮಿ.ಮೀ. ಒಳಗಿರಲಿ, ಟೈಮಿಂಗ್ (ಕಿಡಿ ಹತ್ತುವ ಗಳಿಗೆ) ಒಂದೊಂದು ಸಿಲಿಂಡರಿಗೂ ಬೇರೆ ಬೇರೆಯಾಗಿ ಕೂಡಿಸಿರಲಿ. ಆಮೇಲೆ, ಬಲಗಡೆ ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೆರಳಿನಿಂದ ಬಗ್ಗಿಸಿ ನೋಡಿ. ಸೀಳಿದ್ದರೆ ಅಲ್ಲಿಂದ ಕಳ್ಳ ಗಾಳಿ ಹೋಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ; ಆಗ ಯಾವ ಸ್ಕ್ರೂ ತಿರುವಿದರೂ ವ್ಯರ್ಥ. (ಎಡಗಡೆ ಪ್ಲಗ್ ಬೆಳ್ಳಗಿದ್ದಿದ್ದರೆ ಆ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಮೇಲೂ ಅನುಮಾನ ಪಡಬೇಕಿತ್ತು.)

ಇವೆರಡೂ ಸರಿ ಇದ್ದರೆ ಕೆಲಸಕ್ಕೆ ಇಳಿಯಿರಿ. ಎರಡೂ ಕಾರ್ಬೊರೇಟರಿನ ತಲೆ ಮೇಲಿನ ಕೇಬಲ್ ಅಡ್ಜಸ್ಟರ್ ಸಡಿಲ ಮಾಡಿ, ಸ್ಲೈಡ್‌ಗಳು ಐಡ್ಲಿಂಗ್ ಸ್ಕ್ರೂ ಮೇಲೆ ಪೂರ್ತಿ ಕೂಡಲಿ. ಏರ್ ಸ್ಕ್ರೂ ಹಗುರವಾಗಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ. ಬಿಗಿಯಾಗಿ ಮುಚ್ಚಿದರೆ ತುದಿ ಕೆಟ್ಟು ಹೋಗುತ್ತದೆ, ಜಾಗ್ರತೆ. ಏರ್ ಫಿಲ್ಟರ್ ಕಡೆಯ ರಬ್ಬರ್ ತೆಗೆದು, ಒಂದೇ ಸೈಜಿನ ಎರಡು 3 ಮಿ.ಮೀ. ಡ್ರಿಲ್ ಬಿಟ್ ತಗೊಂಡು, ಹಲ್ಲಿಲ್ಲದ ನಯವಾದ ಬದಿಯನ್ನು ಒಂದೊಂದು ಸ್ಲೈಡ್ ಕೆಳಗೆ ತೂರಿಸಿ. ಎಳೆದರೆ ಎರಡೂ ಒಂದೇ ಬಿಗಿಯಲ್ಲಿ ಜಾರುವಂತೆ ಐಡ್ಲಿಂಗ್ ಸ್ಕ್ರೂ ಕೂಡಿಸಿ. ಈಗ ಕೇಬಲ್ ಅಡ್ಜಸ್ಟರ್‌ಗಳನ್ನು 1 ಮಿ.ಮೀ. ಸಡಿಲ ಉಳಿಯುವಷ್ಟು ಮೇಲೆತ್ತಿ, ಎಕ್ಸಿಲೇಟರನ್ನು ಕೂದಲೆಳೆಯಷ್ಟು ತಿರುವಿಸಿ. ಎರಡೂ ಬಿಟ್ ಒಂದೇ ಗಳಿಗೆಗೆ ಸಡಿಲಾಗಬೇಕು. ಒಂದು ಮೊದಲು ಸಡಿಲಾದರೆ ಆ ಕಡೆಯ ಕೇಬಲ್ ಬಿಗಿ ಹೆಚ್ಚು ಅಂತ ಅರ್ಥ. ಪೂರ್ತಿ ತಿರುವಿದಾಗ ಎರಡೂ ಸ್ಲೈಡಿನ ಅಂಚು ಒಟ್ಟಿಗೆ ಮರೆಯಾಗುತ್ತದೆಯೇ ಎಂದು ಬೆರಳಿಟ್ಟು ನೋಡಿ. ಬಿಟ್ ತೆಗೆಯುವುದನ್ನು ಮರೆತು ಗಾಡಿ ಸ್ಟಾರ್ಟ್ ಮಾಡಬೇಡಿ, ನಗಬೇಡಿ, ಆಗಿಬಿಡುತ್ತದೆ.

ಬಿಟ್ ಇಟ್ಟ ಎತ್ತರದಲ್ಲಿ ಐಡ್ಲಿಂಗ್ ಜೋರಾಗಿಯೇ ಇರುತ್ತದೆ. ಹತ್ತು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿಕೊಂಡು, ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಕಾಲು ಕಾಲು ಸುತ್ತು ಒಟ್ಟಿಗೇ ಬಿಚ್ಚುತ್ತ ಎಂಜಿನ್ನನ್ನು ನಿಮಿಷಕ್ಕೆ 1,200 ಸುತ್ತಿನ ಆಸುಪಾಸಿಗೆ ತನ್ನಿ. ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರೆ ಗಾಳಿಯ ಬಡಿತ ಒಂದೇ ತೂಕದ್ದಾಗಿರಬೇಕು.

ಬಹಳ ಮಂದಿ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಎಕ್ಸಿಲೇಟರಿನ ಕೇಬಲ್ ಮೂರು ಟಿಸಿಲು ಒಡೆಯುತ್ತದೆ: ಎರಡು ಕಾರ್ಬೊರೇಟರಿಗೆ, ಒಂದು ಆಯಿಲ್ ಪಂಪಿಗೆ. ಕಾರ್ಬೊರೇಟರ್ ಕೇಬಲ್ ಸರಿದಾಗ ಪಂಪಿನ ಅಳತೆಯೂ ತಪ್ಪುತ್ತದೆ. ಪಂಪ್ ಪುಲ್ಲಿಯ ಗುರುತು ಪಿನ್ನಿಗೆ ಸರಿ ಕೂಡುವಂತೆ ಮೂರನೇ ಕೇಬಲನ್ನೂ ಹೊಂದಿಸಿ. ಇಲ್ಲದಿದ್ದರೆ ಆಯಿಲ್ ಕಡಿಮೆ ಬಿದ್ದು ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಧಾರವಾಡ ಎತ್ತರದ ಊರು, ಅದಕ್ಕ ಬುಲೆಟ್‌ನ ಮೇನ್ ಜೆಟ್ ಒಂದು ನಂಬರ್ ಸಣ್ಣದು ಹಾಕಂತ ಒಬ್ಬರು ಹೇಳ್ಯಾರ. ಖರೆ ಏನು?
— ಓದುಗರು, ಧಾರವಾಡ

ಉತ್ತರ: ಬೇಡ. ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಮೇಲಿದ್ದರೆ ಗಾಳಿ ನೂರಕ್ಕೆ ಏಳರಷ್ಟು ತೆಳುವಾಗಿರುತ್ತದೆ, ಅಷ್ಟೇ. ಚಳಿಗಾಲದ ನಸುಕಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಅಷ್ಟೇ ಫರಕು ಇರುತ್ತದೆ. ಹಾಗಂತ ವರ್ಷಕ್ಕೆರಡು ಸಲ ಜೆಟ್ ಬದಲಿಸುತ್ತೀರಾ? ಅದಕ್ಕಿಂತ ಏರ್ ಫಿಲ್ಟರ್ ಬಿಚ್ಚಿ ನೋಡಿ. ನವಲಗುಂದ, ಗದಗದ ಕಡೆ ಎರೆಹೊಲದ ದೂಳಿನಲ್ಲಿ ಓಡಾಡಿದ ಗಾಡಿಯ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕರ್ರಗಾಗುತ್ತದೆ.

ಪ್ರಶ್ನೆ: ಯಜ್ಡಿಗೆ ಪೆಟ್ರೋಲಿನ್ಯಾಗ 2ಟಿ (ಟೂ-ಸ್ಟ್ರೋಕ್) ಆಯಿಲ್ ಹೆಚ್ಚ ಹಾಕಿದ್ರ ಮಿಕ್ಸರ್ ರಿಚ್ ಆಗತೈತಿ, ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾಗತೈತಿ ಅಂತಾರ.
— ಓದುಗರು, ರಾಣೆಬೆನ್ನೂರು

ಉತ್ತರ: ಉಲ್ಟಾ. ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಅಂದರೆ ಲೀನ್ (ಪೆಟ್ರೋಲ್ ಪಾಲು ಕಡಿಮೆ). ಹೊಗೆ ಕಂಡು ರಿಚ್ ಅಂದುಕೊಳ್ಳುತ್ತಾರೆ.

ಪ್ರಶ್ನೆ: ತಿಂಗಳಿಗೊಮ್ಮೆ ಮಾತ್ರ ಹೊರಗ ತೆಗಿಯೋ ಹಳೇ ಗಾಡಿ ಐಡ್ಲಿಂಗ್ ಹಿಡಿಯೂದಿಲ್ಲ, ಚೋಕ್ ಎಳದ್ರ ಮಾತ್ರ ಓಡತೈತಿ.
— ಓದುಗರು, ಲಕ್ಷ್ಮೇಶ್ವರ

ಉತ್ತರ: ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಕಟ್ಟಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ನಿಂತರೆ ತಳದಲ್ಲಿ ಬೆಳ್ಳನೆ ಪುಡಿ, ಜೆಟ್ಟಿನಲ್ಲಿ ಅಂಟು. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಕ್ಲೀನರ್ ಸ್ಪ್ರೇ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿ ಊದಿಸಿ. ಆಗಲೂ ಬಿಡದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು. ಗುಂಡುಪಿನ್, ಸೂಜಿ ಹಾಕಿದರೆ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಮುಂದೆ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಬಟ್ಟಲಿನ ಡ್ರೇನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿಯೇ ಇಡಿ.