ಪುಟ್ಟ ನಾಯಿ ಕಾರಣ ಗೊತ್ತಾಗದೆ ಸೊರಗುತ್ತಿದ್ದರೆ ಮೊದಲು ಏನು ನೋಡಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಏಳು ವರ್ಷದ ಚಿಹುವಾಹುವಾ, ಎರಡು ತಿಂಗಳಲ್ಲಿ 2.3 ಕಿಲೋದಿಂದ 1.95 ಕಿಲೋಗೆ ಇಳಿದಿದೆ, ಊಟ ಸರಿಯಾಗೇ ಮಾಡುತ್ತದೆ, ರಕ್ತಪರೀಕ್ಷೆ ನಾರ್ಮಲ್ ಬಂದಿದೆ, ಈಗ ಕಾಯಬೇಕೋ ಊಟ ಜಾಸ್ತಿ ಮಾಡಬೇಕೋ ಎಂಬ ಪ್ರಶ್ನೆ.

ಕಾಯಬೇಡಿ. ಇಳಿದದ್ದು 350 ಗ್ರಾಂ, ಅಂದರೆ ಮೈತೂಕದ ಶೇ 15. 60 ಕಿಲೋ ಇರುವ ಮನುಷ್ಯ ಎರಡು ತಿಂಗಳಲ್ಲಿ 9 ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೇ? ಡಯಟ್ ಮಾಡಿಸದೆ ನಾಯಿಯ ತೂಕ ಶೇ 10 ಇಳಿದರೆ ಅದನ್ನು ರೋಗಲಕ್ಷಣ ಎಂದೇ ಹಿಡಿಯಬೇಕು. ಊಟ ಜಾಸ್ತಿ ಮಾಡುವುದು ಆಮೇಲಿನ ಮಾತು. ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಖಚಿತ ಉತ್ತರ ಬೇಕು: ಅದು ಕಡಿಮೆ ತಿಂದು ಇಳಿಯುತ್ತಿದೆಯೋ, ಸಾಕಷ್ಟು ತಿಂದೂ ಇಳಿಯುತ್ತಿದೆಯೋ? ಎರಡೂ ಬೇರೆ ಬೇರೆ ರೋಗಗಳ ಕಡೆಗೆ ಹೋಗುವ ದಾರಿಗಳು. ಇದನ್ನು ಡಾಕ್ಟರು ಹತ್ತು ನಿಮಿಷದಲ್ಲಿ ಕಂಡುಹಿಡಿಯಲಾರರು, ಮನೆಯಲ್ಲಿ ಇರುವವರೇ ಹೇಳಬೇಕು. 'ಸರಿಯಾಗೇ ತಿನ್ನುತ್ತೆ' ಎಂಬುದು ಇಲ್ಲಿ ಉತ್ತರವಾಗುವುದಿಲ್ಲ, ಗ್ರಾಂ ಲೆಕ್ಕ ಬೇಕು.

ಮೊದಲು ತಕ್ಕಡಿ ವಿಷಯ. ಮನುಷ್ಯರು ನಿಂತು ತೂಕ ನೋಡುವ ಯಂತ್ರದಲ್ಲಿ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಯಂತ್ರಗಳು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲಿ ತೋರಿಸುತ್ತವೆ, ನಿಮ್ಮ ನಾಯಿಗೆ ಅದೇ ಶೇ 5. ಐದು ಕಿಲೋವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಅಂಚಿರುವ ಒಂದು ಡಬ್ಬವಿಟ್ಟು, ಒಳಗೆ ಟವೆಲ್ ಹಾಸಿ, ಸೊನ್ನೆಗೆ ತಂದು, ಆಮೇಲೆ ನಾಯಿಯನ್ನು ಕೂರಿಸಿ. ಅಲುಗಾಡಿದರೆ ಮೂರು ಸಲ ನೋಡಿ, ನಡುವಿನ ಅಂಕಿ ಬರೆದುಕೊಳ್ಳಿ. ಬೆಳಿಗ್ಗೆ ಮೂತ್ರ, ಮಲ ಆದ ಮೇಲೆ, ಊಟಕ್ಕೆ ಮುಂಚೆ, ಕೊರಳಪಟ್ಟಿ ತೆಗೆದು ತೂಗಿ. ವಾರಕ್ಕೆ ಎರಡು ಸಲ ಸಾಕು. 50 ಮಿಲಿ ನೀರು ಕುಡಿದರೇ 50 ಗ್ರಾಂ ಏರುತ್ತದೆ, ಹಾಗಾಗಿ ದಿನದಿನದ ಏರಿಳಿತ ನೋಡಿ ಗಾಬರಿಯಾಗಬೇಡಿ. ಎರಡು ಮೂರು ವಾರದ ಸಾಲು ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಿ.

ತೂಕದ ಜೊತೆಗೆ ಕೈಯೂ ಬೇಕು. ಬೆನ್ನುಮೂಳೆಯ ಎರಡೂ ಪಕ್ಕ, ಹೆಗಲ ಮೂಳೆಯ ಮೇಲೆ, ತಲೆಯ ಮೇಲ್ಭಾಗದಲ್ಲಿ ಕಣ್ಣು ಕಿವಿಗಳ ನಡುವೆ ಬೆರಳಾಡಿಸಿ. ಪಕ್ಕೆಲುಬಿನ ಮೇಲಿನ ಕೊಬ್ಬು ಮಾತ್ರ ಕರಗಿದ್ದರೆ ಊಟ ಸಾಲದೆ ಹೋಗಿರುವ ಸಾಧ್ಯತೆ ಇದೆ. ತಲೆ ಗುಳಿಬಿದ್ದು, ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದರೆ ಸ್ನಾಯು ಕರಗುತ್ತಿದೆ ಎಂದರ್ಥ. ಒಳಗೆ ಯಾವುದೋ ರೋಗ ಇರುವ ಅನುಮಾನ ಆಗ ಬಲವಾಗುತ್ತದೆ. ಪೊಮೆರೇನಿಯನ್‌ನಂಥ ಕೂದಲು ತುಂಬಿದ ನಾಯಿಗಳಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ, ಮುಟ್ಟಿಯೇ ತಿಳಿಯಬೇಕು.

ಈಗ ಊಟದ ಲೆಕ್ಕ. ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಶಕ್ತಿಗೆ ಒಂದು ಸೂತ್ರವಿದೆ: ತೂಕವನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಬೇಕು. 2.3 ಕಿಲೋಗೆ ಇದು ಸುಮಾರು 130 ಕಿಲೋಕ್ಯಾಲೊರಿ ಬರುತ್ತದೆ. ಮನೆಯಲ್ಲಿ ಓಡಾಡಿಕೊಂಡಿರುವ ವಯಸ್ಕ ನಾಯಿಗೆ ಅದರ 1.4ರಿಂದ 1.6 ಪಟ್ಟು, ಅಂದರೆ 180ರಿಂದ 210 ಬೇಕು. ಒಣ ಆಹಾರದಲ್ಲಿ ಹೆಚ್ಚುಕಡಿಮೆ 100 ಗ್ರಾಂಗೆ 350ರಿಂದ 400 ಕಿಲೋಕ್ಯಾಲೊರಿ ಇರುತ್ತದೆ. ಅಲ್ಲಿಗೆ ಇಡೀ ದಿನದ ಊಟವೇ 50-55 ಗ್ರಾಂ! ಕಪ್‌ನಲ್ಲಿ ಅಳೆದು ಹಾಕುವಾಗ 10 ಗ್ರಾಂ ಕಡಿಮೆಯಾದರೆ ದೊಡ್ಡ ನಾಯಿಗೆ ಲೆಕ್ಕಕ್ಕಿಲ್ಲ, ಇದಕ್ಕೆ ಐದನೇ ಒಂದು ಭಾಗ ಊಟವೇ ಹೋಯಿತು. ಇತ್ತೀಚೆಗೆ ಪ್ಯಾಕೆಟ್ ಬದಲಾಗಿದೆಯೇ ಎಂದೂ ನೋಡಿ. 'ಸೀನಿಯರ್' ಅಥವಾ 'ಲೈಟ್' ಎಂದು ಬರೆದಿರುವ ಆಹಾರದಲ್ಲಿ ಕ್ಯಾಲೊರಿ ಕಡಿಮೆ ಇರಬಹುದು. 400 ಇದ್ದದ್ದು 340 ಆದರೆ, ಅದೇ ಅಳತೆ ಹಾಕಿದರೂ ಶೇ 15 ಖೋತಾ.

ಒಂದು ವಾರ ಹೀಗೆ ಮಾಡಿ: ಹಾಕಿದ್ದನ್ನು ತೂಗಿ, ಬಟ್ಟಲಲ್ಲಿ ಉಳಿದದ್ದನ್ನೂ ತೂಗಿ, ಮನೆಯವರೆಲ್ಲ ಕೈಯಿಂದ ಕೊಡುವ ತುಣುಕುಗಳನ್ನೂ ಬರೆದಿಡಿ. ಬೇರೆ ಪ್ರಾಣಿ ಇದ್ದರೆ ಬಾಗಿಲು ಹಾಕಿದ ಕೋಣೆಯಲ್ಲಿ ಒಂಟಿಯಾಗಿ ತಿನ್ನಿಸಿ, ಇನ್ನೊಂದು ನಾಯಿ ಬಟ್ಟಲು ಖಾಲಿ ಮಾಡುವುದು ತುಂಬ ಸಾಮಾನ್ಯ. ಕುಡಿದ ನೀರನ್ನೂ ಅಳೆಯಿರಿ. ಕಿಲೋಗೆ 100 ಮಿಲಿಗಿಂತ ಹೆಚ್ಚು, ಅಂದರೆ ನಿಮ್ಮದು ದಿನಕ್ಕೆ 200 ಮಿಲಿ ದಾಟಿದರೆ, ಅದು ಅತಿಯಾಯಿತು. ಮಲ ದಿನಕ್ಕೆಷ್ಟು ಸಲ, ಎಷ್ಟು ಗಟ್ಟಿ, ಯಾವ ಬಣ್ಣ ಎಂಬುದನ್ನೂ ಬರೆದಿಡಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ತಿಂದದ್ದೇ ಕಡಿಮೆ ಎಂದು ಗೊತ್ತಾದರೆ ನನ್ನ ಮೊದಲ ಅನುಮಾನ ಬಾಯಿಯ ಮೇಲೆ. ಪುಟ್ಟ ತಳಿಗಳಲ್ಲಿ ಚಿಕ್ಕ ದವಡೆಯೊಳಗೆ ಹಲ್ಲುಗಳು ಒತ್ತಿಕೊಂಡಿರುತ್ತವೆ, ವಸಡಿನ ರೋಗ ಬೇಗ ಬರುತ್ತದೆ. ನಾಯಿ ಬಟ್ಟಲ ಹತ್ತಿರ ಆಸೆಯಿಂದ ಹೋಗಿ, ಮೂಸಿ, ಒಂದು ಕಾಳು ಬಾಯಿಗಿಟ್ಟು ಬೀಳಿಸುತ್ತದೆಯೇ? ತಲೆ ಓರೆ ಮಾಡಿ ಒಂದೇ ಪಕ್ಕದಲ್ಲಿ ಅಗಿಯುತ್ತದೆಯೇ? ಅಗಿಯದೆ ನುಂಗುತ್ತದೆಯೇ? ಹಾಗಿದ್ದರೆ ಹಸಿವಿದೆ, ನೋವು ತಿನ್ನಲು ಬಿಡುತ್ತಿಲ್ಲ. ತುಟಿ ಎತ್ತಿ ನೋಡಿದರೆ ಹಲ್ಲು ಬಿಳಿಯಾಗಿದ್ದರೂ ಬೇರಿನಲ್ಲಿ ಕೀವು ಇರಬಹುದು. ಅದು ಅರಿವಳಿಕೆ ಕೊಟ್ಟು ತೆಗೆಯುವ ಹಲ್ಲಿನ ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಬಿಟ್ಟರೆ, ಇಷ್ಟು ತೆಳ್ಳನೆಯ ದವಡೆ ಸೋಂಕಿನಿಂದ ಸವೆದು ಮುರಿಯುವುದೂ ಉಂಟು. ಪದೇ ಪದೇ ತುಟಿ ನೆಕ್ಕಿಕೊಳ್ಳುವುದು, ಏನೂ ಇಲ್ಲದೆ ನುಂಗುವುದು, ಬಟ್ಟಲಿನಿಂದ ಮುಖ ತಿರುಗಿಸುವುದು ಕಂಡರೆ ಅದು ವಾಕರಿಕೆ. ಕತ್ತು ಬಗ್ಗಿಸಲು ನೋವಿರುವ ನಾಯಿ ಬಟ್ಟಲನ್ನು ಸ್ವಲ್ಪ ಎತ್ತರದಲ್ಲಿಟ್ಟರೆ ತಿನ್ನುತ್ತದೆ. ಇದನ್ನು ಇವತ್ತೇ ಮಾಡಿ ನೋಡಬಹುದು.

ಸಾಕಷ್ಟು ತಿಂದೂ ಇಳಿಯುತ್ತಿದ್ದರೆ ನಿಮ್ಮ ಕೈಯಲ್ಲಿರುವ 'ನಾರ್ಮಲ್' ರಿಪೋರ್ಟ್‌ನ ಮಿತಿ ತಿಳಿದಿರಬೇಕು. ಮಾಮೂಲಿ ಪ್ಯಾನೆಲ್‌ನಲ್ಲಿ ಕಾಣದ ರೋಗಗಳು ಸಾಕಷ್ಟಿವೆ. ಪ್ಯಾಂಕ್ರಿಯಾಸ್ ಜೀರ್ಣರಸವನ್ನೇ ತಯಾರಿಸದಿದ್ದರೆ ನಾಯಿ ಹಸಿದಹಸಿದು ತಿನ್ನುತ್ತದೆ, ಮಲ ರಾಶಿಯಾಗಿ, ಪೇಲವವಾಗಿ, ಜಿಡ್ಡಾಗಿ ಬರುತ್ತದೆ, ಮೈ ಮಾತ್ರ ಇಳಿಯುತ್ತದೆ. ಅದಕ್ಕೆ ಟಿಎಲ್‌ಐ ಎಂಬ ಪ್ರತ್ಯೇಕ ಪರೀಕ್ಷೆ ಬೇಕು, ಜೊತೆಗೆ ಬಿ12 ಮತ್ತು ಫೋಲೇಟ್ ಮಾಡಿಸುವುದು ರೂಢಿ. ಬಿ12 ತೀರಾ ಕಡಿಮೆಯಿದ್ದರೆ ಉಳಿದ ಚಿಕಿತ್ಸೆಯೂ ಸರಿಯಾಗಿ ಹತ್ತುವುದಿಲ್ಲ. ಯಾರ್ಕಿ, ಮಾಲ್ಟೀಸ್‌ಗಳಲ್ಲಿ ಕರುಳಿನಿಂದ ಪ್ರೋಟೀನ್ ಸೋರಿಹೋಗುವ ರೋಗ ಹೆಚ್ಚು, ಭೇದಿ ಇಲ್ಲದೆಯೂ ಇದು ಇರುತ್ತದೆ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ 'ನಾರ್ಮಲ್' ಗೆರೆಯ ಕೆಳತುದಿಯಲ್ಲಿದೆಯೇ, ಹಿಂದಿನ ರಿಪೋರ್ಟ್‌ಗಿಂತ ಇಳಿದಿದೆಯೇ ನೋಡಿ. ಲಿವರ್ ಬದಿಗಿಟ್ಟು ರಕ್ತ ಹರಿಯುವ ಹುಟ್ಟುದೋಷ ಇದ್ದರೆ ಊಟದ ನಂತರ ನಾಯಿ ಮಂಕಾಗುತ್ತದೆ. ಅದಕ್ಕೆ ಊಟಕ್ಕೆ ಮುಂಚೆ ಮತ್ತು ಎರಡು ಗಂಟೆ ನಂತರ ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತದ ಆಮ್ಲ) ನೋಡುತ್ತಾರೆ. ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಡಿಮೆಯಾಗುವ ಆಡಿಸನ್ ರೋಗದಲ್ಲಿ ವಾಂತಿ, ಭೇದಿ, ನಿಶ್ಶಕ್ತಿ ಬಂದು ತಾನಾಗಿ ಹೋಗುತ್ತಿರುತ್ತವೆ. ಸೋಡಿಯಂ, ಪೊಟ್ಯಾಸಿಯಂ ಸರಿಯಿದ್ದರೂ ಅದು ಇರಬಹುದು, ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋಲ್ ನೋಡಬೇಕು.

ಕಿಡ್ನಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಮೋಸಹೋಗುವುದು ಸುಲಭ. ಕಿಡ್ನಿ ಹೊರಹಾಕುವ ಕಶ್ಮಲವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದ ಪುಟ್ಟ ನಾಯಿಯಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿ ಕಾಣಬಹುದು. ಎಸ್‌ಡಿಎಂಎ ಎಂಬ ಇನ್ನೊಂದು ಕಿಡ್ನಿ ರಕ್ತಪರೀಕ್ಷೆಯ ಮೇಲೆ ಸ್ನಾಯುವಿನ ಪ್ರಭಾವ ಕಡಿಮೆ, ಅದನ್ನು ಕೇಳಿ. ಮೂತ್ರಪರೀಕ್ಷೆ ಇಲ್ಲದೆ ಕಿಡ್ನಿ ಸರಿಯಿದೆ ಎಂದು ಒಪ್ಪಬೇಡಿ: ಸಾಂದ್ರತೆ, ಸಕ್ಕರೆ, ಪ್ರೋಟೀನ್ ಮೂರೂ ಬೇಕು. ನೀರು 200 ಮಿಲಿ ದಾಟುತ್ತಿದ್ದರೆ ಇದು ಮೊದಲ ದಿನವೇ ಆಗಬೇಕಾದ ಪರೀಕ್ಷೆ, ಸಕ್ಕರೆ ಕಾಯಿಲೆಯೂ ಇದರಲ್ಲೇ ಸಿಕ್ಕಿಬೀಳುತ್ತದೆ.

ಸೂಜಿ ಚುಚ್ಚದೆ ಆಗುವವು ಮೊದಲು ಆಗಲಿ ಎಂಬುದು ನನ್ನ ಅಭಿಪ್ರಾಯ: ಬಾಯಿ, ಮಲ, ಮೂತ್ರ. ಮಲವನ್ನು ಮೂರು ಬೇರೆ ದಿನಗಳದ್ದು ಕೊಡಿ. ಕೆಲವು ಹುಳುಗಳ ಮೊಟ್ಟೆ ಮತ್ತು ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಪ್ರತಿದಿನ ಹೊರಬೀಳುವುದಿಲ್ಲ. ದೊಡ್ಡ ನಾಯಿಯ ಜಂತುಹುಳು ಮಾತ್ರೆಯನ್ನು ಕಣ್ಣಂದಾಜಿನಲ್ಲಿ ಮುರಿದು ಕೊಡಬೇಡಿ, 2 ಕಿಲೋ ಮೈಗೆ ಒಂದು ಚೂರು ಹೆಚ್ಚಾದರೂ ಡೋಸ್ ಇಮ್ಮಡಿಯಾಗಬಹುದು. ಆಮೇಲೆ ಮೇಲಿನ ರಕ್ತಪರೀಕ್ಷೆಗಳು, ಹೊಟ್ಟೆಯ ಸ್ಕ್ಯಾನ್, ಎದೆಯ ಎಕ್ಸ್‌ರೇ. ಪರೀಕ್ಷೆಗೆ ರಾತ್ರಿಯಿಡೀ ಉಪವಾಸ ಹೇಳಿದರೆ, ಇಷ್ಟು ಸಣ್ಣ, ಸೊರಗಿದ ನಾಯಿಯನ್ನು ಎಷ್ಟು ಗಂಟೆ ಹಸಿದಿಡಬಹುದು ಎಂದು ಮೊದಲೇ ಕೇಳಿ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಹಿಡಿದು, ಊಟ ಜೊತೆಗೇ ಒಯ್ಯಿರಿ. ಸ್ಕ್ಯಾನ್ ಆಗುವ ಮುಂಚೆ 'ಸ್ಟೀರಾಯ್ಡ್ ಕೊಟ್ಟು ನೋಡೋಣ' ಎಂಬ ಸಲಹೆ ಬಂದರೆ ಕಾರಣ ಕೇಳಿ. ಹಸಿವೇನೋ ಹೆಚ್ಚುತ್ತದೆ, ಆದರೆ ಸ್ನಾಯು ಮತ್ತಷ್ಟು ಕರಗುತ್ತದೆ, ಲಿಂಫೋಮಾದಂಥ ಕ್ಯಾನ್ಸರ್ ಇದ್ದರೆ ಮರೆಯಾಗಿ ಪತ್ತೆ ಕಷ್ಟವಾಗುತ್ತದೆ.

ಕಾರಣ ಸಿಗುವವರೆಗೆ ಊಟವನ್ನು ನಾಲ್ಕೈದು ಪಾಲು ಮಾಡಿ ಕೊಡಿ. ಬೆಚ್ಚಗಿರಲಿ, ಅಂಗೈ ಹಿಂಬದಿಗೆ ಹಿತವಾಗುವಷ್ಟು, ವಾಸನೆ ಎದ್ದು ನಾಯಿ ಬಟ್ಟಲಿಗೆ ಬರುತ್ತದೆ. ಒಣ ಆಹಾರವನ್ನು ಬಿಸಿನೀರಲ್ಲಿ ನೆನೆಸಿದರೆ ಹಲ್ಲುನೋವಿದ್ದರೂ ಒಳಗೆ ಹೋಗುತ್ತದೆ. ತೂಕ ಬೇಗ ಬರಲಿ ಎಂದು ಬೆಣ್ಣೆ, ಎಣ್ಣೆ, ಚೀಸ್ ಸೇರಿಸಬೇಡಿ. ಪ್ಯಾಂಕ್ರಿಯಾಸ್ ಊದಿಕೊಳ್ಳುವ ಅಪಾಯವಿದೆ, ಪ್ರೋಟೀನ್ ಸೋರುವ ಕರುಳಿಗಂತೂ ಕೊಬ್ಬು ವಿಷಕ್ಕೆ ಸಮ. ಕ್ಯಾಲೊರಿ ಹೆಚ್ಚಿರುವ ಪಪ್ಪಿ ಫುಡ್‌ಗೆ ಬದಲಾಯಿಸುವುದಿದ್ದರೂ ಈ ರೋಗಗಳಿಲ್ಲವೆಂದು ತಿಳಿದ ಮೇಲೆಯೇ, ಏಳು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ಬೇಯಿಸಿದ ಕೋಳಿ, ಅನ್ನ ನಾಲ್ಕು ದಿನಕ್ಕೆ ಸರಿ, ತಿಂಗಳುಗಟ್ಟಲೆ ಅದೇ ಆದರೆ ಕ್ಯಾಲ್ಸಿಯಂ ಇಲ್ಲದೆ ಇನ್ನೊಂದು ತೊಂದರೆ. ಸಿರಿಂಜ್‌ನಲ್ಲಿ ಬಲವಂತವಾಗಿ ತುರುಕಿದರೆ ಶ್ವಾಸಕೋಶಕ್ಕೆ ಹೋಗಬಹುದು, ಆ ಆಹಾರವನ್ನೇ ನಾಯಿ ಮತ್ತೆ ಮುಟ್ಟದಿರಬಹುದು. ಅದಕ್ಕಿಂತ ವಾಕರಿಕೆಗೆ ಮ್ಯಾರೊಪಿಟಂಟ್, ಹಸಿವಿಗೆ ಕ್ಯಾಪ್ರೊಮೊರೆಲಿನ್ ಅಥವಾ ಮಿರ್ಟಾಝಪಿನ್ ಆಗುತ್ತದೆಯೇ ಎಂದು ವೆಟ್ ಹತ್ತಿರ ಕೇಳಿ. ಮೈ ಬೆಚ್ಚಗಿಡಿ, ಕೊಬ್ಬಿಲ್ಲದ ಪುಟ್ಟ ಮೈ ಚಳಿಗೆ ನಡುಗಿಯೇ ಕ್ಯಾಲೊರಿ ಸುಡುತ್ತದೆ.

ಒಂದು ಅಪಾಯ ಮಾತ್ರ ಪರೀಕ್ಷೆಗಳಿಗೆ ಕಾಯುವುದಿಲ್ಲ. ಸೊರಗಿದ ಪುಟ್ಟ ನಾಯಿಗೆ ರಕ್ತದ ಸಕ್ಕರೆ ಕುಸಿಯಬಹುದು. ತೂರಾಡುವುದು, ನಡುಕ, ಕಣ್ಣು ಮಂಕಾಗುವುದು, ಸೆಳೆತ ಕಂಡರೆ ಬೆರಳಿಗೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರು ಹಚ್ಚಿ ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ. ಸೆಳೆತದಲ್ಲಿದ್ದರೆ ಹಲ್ಲುಗಳ ನಡುವೆ ಬೆರಳು ಹಾಕದೆ ತುಟಿಯ ಒಳಬದಿಗೆ ಸವರಿ. ಝೈಲಿಟಾಲ್ ಎಂಬ ಸಿಹಿಕಾರಕ ಇರುವ ಸಕ್ಕರೆರಹಿತ ಸಿರಪ್ ನಾಯಿಗೆ ಮಾರಕ, ಅದನ್ನು ಹತ್ತಿರ ತರಬೇಡಿ. ಎಚ್ಚರವಾದ ಮೇಲೆ ಸ್ವಲ್ಪ ಊಟ ಕೊಟ್ಟು ನೇರ ಆಸ್ಪತ್ರೆಗೆ ಹೋಗಿ, ಚೇತರಿಸಿಕೊಂಡಂತೆ ಕಂಡರೂ ಹೋಗಿ. ಈ ತೂಕದ ನಾಯಿ 24 ಗಂಟೆ ಏನೂ ತಿನ್ನದಿದ್ದರೆ, ಪದೇ ಪದೇ ವಾಂತಿಯಾದರೆ, ಮಲ ಕಪ್ಪಾದರೆ, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಮರುದಿನಕ್ಕೆ ತಳ್ಳಬೇಡಿ.

ಚಿಕಿತ್ಸೆ ಹತ್ತಿದ ಮೇಲೆ ವಾರಕ್ಕೆ 20ರಿಂದ 40 ಗ್ರಾಂ ಏರಿದರೆ ಸಾಕು, ಅದೇ ಒಳ್ಳೆಯ ವೇಗ. ಎರಡು ಮೂರು ದಿನದಲ್ಲೇ 150 ಗ್ರಾಂ ಏರಿ, ಬೆನ್ನು ಇನ್ನೂ ಮೂಳೆಮೂಳೆಯಾಗಿದ್ದು ಹೊಟ್ಟೆ ಮಾತ್ರ ಗುಂಡಗಾಗಿದ್ದರೆ ಅದು ಮಾಂಸವಲ್ಲ, ಹೊಟ್ಟೆಯಲ್ಲಿ ನೀರು ತುಂಬುತ್ತಿರಬಹುದು. ಅಂದೇ ಫೋನ್ ಮಾಡಿ, ಅಲ್ಬುಮಿನ್ ಮತ್ತು ಹೊಟ್ಟೆಯ ಸ್ಕ್ಯಾನ್ ಮತ್ತೆ ಮಾಡಲು ಹೇಳಿ.