ಸಂತೆಯ ಮೀನಿನಲ್ಲಿ ಸುಶಿ ಬೇಡ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೀನು ಕೊಂಡು ಹಸಿಯಾಗಿಯೇ ಸುಶಿ (ಹುಳಿ ಬೆರೆಸಿದ ಅನ್ನದ ಜಪಾನಿ ಸುರುಳಿ) ಸುತ್ತುತ್ತೇನೆ, ವಿನೆಗರ್ ಸಿಗದಿದ್ದರೆ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಇದೆಯಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಎರಡನ್ನೂ ಕೈಬಿಡಿ.

ಕಾಚಂಪುಳಿಯ ಪ್ರಯೋಗ ನಮ್ಮ ಅಡುಗೆಮನೆಯಲ್ಲಿ ಆಗಿಹೋಗಿದೆ. ಬಿದ್ದದ್ದು ಒಂದೇ ಚಮಚ. ಬಿಳಿ ಅನ್ನವೆಲ್ಲ ಕೆಸರು ಬಣ್ಣಕ್ಕೆ ತಿರುಗಿತು, ಕಲಸಿದಷ್ಟೂ ಕಪ್ಪು ಗೆರೆಗಳು. ನಾಯಿಯೂ ಮೂಸಿ ನೋಡಿ ಹೋಯಿತು. ಹಂದಿ ಮಾಂಸದ ಪಂದಿಕರಿಗೆ ಅದಿಲ್ಲದೆ ಆಗದು, ಇಲ್ಲಿ ಮಾತ್ರ ಅಕ್ಕಿಯ ವಿನೆಗರೇ ಬೇಕು. ಎರಡು ಲೋಟ ಅಕ್ಕಿಗೆ ನಾಲ್ಕು ದೊಡ್ಡ ಚಮಚ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು. ಅನ್ನ ಬಿಸಿಯಿರುವಾಗಲೇ ಬೆರೆಸಿ, ಬೀಸಣಿಗೆಯಲ್ಲಿ ಆರಿಸಿ. ಫ್ರಿಜ್ಜಿಗೆ ತಳ್ಳಿದರೆ ಗಟ್ಟಿಯಾಗುತ್ತದೆ. ಸೋನಾಮಸೂರಿ ಉದುರುತ್ತದೆ. ಜಪಾನಿನ ಅಕ್ಕಿ ದುಬಾರಿಯೆನಿಸಿದರೆ ಮಹಾರಾಷ್ಟ್ರದ ಇಂದ್ರಾಯಣಿ ತರಿಸಿ, ಅಂಟು ಸಾಕಷ್ಟಿದೆ.

ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಘಾಟಿ ಹತ್ತಿ ಬಂದ ಮೀನು ಸಾರಿಗೆ ಚೆನ್ನ, ಹಸಿ ತಿನ್ನುವುದಕ್ಕಲ್ಲ. ಒಳಗಿನ ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇರಬೇಕು. ಮನೆಯ ಫ್ರೀಜರ್ ಅಷ್ಟು ತಂಪನ್ನು ಹಿಡಿದು ನಿಲ್ಲುವುದು ಕಷ್ಟ, ಕರೆಂಟ್ ಹೋಗುವ ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ. ಬಂಗುಡೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಬಿದ್ದಿದ್ದರೂ ಹಿಸ್ಟಮಿನ್ ಎಂಬ ವಿಷ ಕೂಡುತ್ತದೆ, ಅದು ಬೇಯಿಸಿದರೂ ಹೋಗದು. ಕಾವೇರಿಯ ಮೀನನ್ನು ಹಸಿ ತಿನ್ನುವ ಯೋಚನೆ ಯಾರಿಗೂ ಬಾರದಿರಲಿ.

ಸುಶಿಯೊಳಗೆ ಇಡಲು ಬೇಯಿಸಿದ ಸೀಗಡಿ, ಎಳೆ ಸೌತೆ, ಬೆಣ್ಣೆಹಣ್ಣು ಸಾಕು. ಬೆಂಗಳೂರಿನವರು ದುಡ್ಡು ಸುರಿದು ಕೊಳ್ಳುವ ಹಣ್ಣು ನಮ್ಮ ಕಾಫಿ ಗಿಡಗಳ ನಡುವೆ ಉದುರಿ ಕೊಳೆಯುತ್ತದೆ, ನೀವು ಮೀನು ಹುಡುಕುತ್ತಿದ್ದೀರಿ! ಒತ್ತಿದರೆ ತುಸು ಮೆತ್ತಗಾಗುವ ಹಣ್ಣನ್ನೇ ಆರಿಸಿ. ಪೂರ್ತಿ ಕಳಿತದ್ದು ಸುತ್ತುವಾಗ ಹಿಸುಕಿ ಹೊರಬರುತ್ತದೆ. ಕಣಿಲೆ (ಎಳೆ ಬಿದಿರು) ಹಾಕುವ ಆಸೆಯಿದ್ದರೆ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿಯೇ ಹಾಕಿ.

ಸುಶಿ ಸುತ್ತುವ ನೋರಿ, ಅಂದರೆ ಒಣಗಿಸಿದ ಕಡಲಪಾಚಿ ಹಾಳೆಯ ಪೊಟ್ಟಣವನ್ನು ಜುಲೈಯಲ್ಲಿ ಒಡೆದರೆ ಮರುದಿನವೇ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ಸುತ್ತುವ ಮೊದಲು ಗ್ಯಾಸಿನ ಉರಿಯಿಂದ ಗೇಣು ಮೇಲೆ ಹಿಡಿದು ಎರಡೂ ಬದಿ ಆಡಿಸಿದರೆ ಗರಿಗರಿಯಾಗುತ್ತದೆ. ಸೋಯಾ ಸಾಸ್ ಕಿಕ್ಕೋಮನ್ ಬ್ರ್ಯಾಂಡಿನದು ಕೊಳ್ಳಿ. ಗೋಬಿ ಮಂಚೂರಿಯ ಕಪ್ಪು ಸಾಸ್ ಬರೀ ಉಪ್ಪು, ಬಣ್ಣ. ಸುಶಿಗೆ ಹಚ್ಚುವ ಖಾರದ ಹಸಿರು ವಸಾಬಿಯ ಟ್ಯೂಬಿಗೆ ಹೆಚ್ಚು ಹಣ ಸುರಿಯಬೇಡಿ, ಬಹುತೇಕ ಟ್ಯೂಬುಗಳಲ್ಲಿರುವುದು ಹಸಿರು ಬಣ್ಣ ಹಾಕಿದ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರು.

ಹಸಿ ಮೀನೇ ಬೇಕೆಂಬ ಹಟವಿದ್ದರೆ ಬೆಂಗಳೂರಿಗೆ ಹೋಗಿ. ರೆಸಿಡೆನ್ಸಿ ರಸ್ತೆಯ ಐಟಿಸಿ ಗಾರ್ಡೇನಿಯಾ ಹೋಟೆಲಿನ ಜಪಾನಿ ರೆಸ್ಟೋರೆಂಟ್ ಎಡೊದಲ್ಲಿ ಜೇಬು ಗಟ್ಟಿಯಿರಬೇಕು, ಅಷ್ಟೆ. ವಿನೆಗರ್, ನೋರಿಯನ್ನೂ ಅಲ್ಲಿನ ದೊಡ್ಡ ಅಂಗಡಿಗಳಿಂದಲೇ ತನ್ನಿ. ಇವುಗಳಿಗಾಗಿ ಬೈಲುಕುಪ್ಪೆ ಸುತ್ತಬೇಡಿ, ಅದು ಟಿಬೆಟಿಯನ್ನರ ನೆಲೆ. ಅಲ್ಲಿಗೆ ಹೋದರೆ ಮೊಮೊ ತಿಂದು ಬನ್ನಿ.